ಹೆಂಟೆ ಮನೆಯವಳು

ಅರವತ್ತರ ದಶಕದ ಮೊದಲ ವರ್ಷಗಳು. ನಾನು ಹೈಸ್ಕೂಲಿಗೆ ಕಾಲಿಟ್ಟ ಹೊಸತು. ಅಮ್ಮ ನರ್ಸಾಗಿದ್ದ ಆಸ್ಪತ್ರೆ ಅತ್ತಾವರದ ನಮ್ಮ ಮನೆಯಿಂದ ನಡೆದು ಹೋಗುವಷ್ಟು ಹತ್ತಿರದಲ್ಲಿತ್ತು. ಒಂದು ದಿನ ಡ್ಯೂಟಿ ಮುಗಿಸಿ ಬಂದ ಅಮ್ಮನ ಹಿಂದೆಯೇ ಉದ್ದ ಕಾಲಿನ, ಬಿಸಿಲಿಗೆ ಮೂಗು ಕೆಂಪಾದ ಒಬ್ಬ ಬಿಳಿ ಹುಡುಗಿಯೂ ಗೇಟು ದಾಟಿ ಬಂದಳು. ನರ್ಸಿಂಗ್ ಕಲಿಯುವ ಹುಡುಗಿಯರಿಗೆ ಪಾಠ ಹೇಳಲು ಅಮೆರಿಕದಿಂದ ಬಂದವಳು, ಎರಡು ವರ್ಷ ಇರುವವಳು, ಹಾಸ್ಟೆಲಿನಲ್ಲಿ ಅವಳಿಗೆ ಜಾಗವಿಲ್ಲ. ಬೊಂಬಾಯಿಯಲ್ಲಿ ಕೆಲಸಕ್ಕಿದ್ದ ಅಪ್ಪ ಊರಿಗೆ ಬಂದಾಗ ಮಾತ್ರ ತೆರೆಯುತ್ತಿದ್ದ ಪಕ್ಕದ ಕೋಣೆಯನ್ನು ಅವಳಿಗೆ ಕೊಡುವುದೆಂದು ಅಮ್ಮ ದಾರಿಯಲ್ಲೇ ತೀರ್ಮಾನಿಸಿಯಾಗಿತ್ತು.

ಜಗಲಿಯಲ್ಲಿ ಕೂತು ಹುಣಿಸೆಹಣ್ಣಿನ ಬೀಜ ತೆಗೆಯುತ್ತಿದ್ದ ಅಜ್ಜಿಯ ಮುಂದೆ ಆ ಹುಡುಗಿ ಕೈಮುಗಿದು ನಿಂತು ಕನ್ನಡದಲ್ಲಿ ಹೇಳಿದಳು: "ನಮಸ್ಕಾರ. ತಾವು ಕ್ಷೇಮವಾಗಿರುವಿರಾ?"

ಅಜ್ಜಿ ನನ್ನ ಕಡೆ ತಿರುಗಿದಳು. "ಇವಳು ಎಂತ, ಯಕ್ಷಗಾನದ ರಾಣಿಯ ಹಾಗೆ ಮಾತಾಡೋದು?"

ಅಜ್ಜಿ ಹಾಗೆಂದದ್ದು ಕೊಂಕಣಿಯಲ್ಲಿ. ನಮ್ಮ ಮನೆಯ ಮಾತೆಲ್ಲ ಕೊಂಕಣಿಯಲ್ಲೇ. ಇಲ್ಲಿ ನಾನು ಅದನ್ನು ನಮ್ಮ ಊರಿನ ಕನ್ನಡದಲ್ಲಿ ಬರೆಯುತ್ತಿದ್ದೇನೆ, ಅಷ್ಟೆ. ಆ ಹುಡುಗಿಗೆ ಭಾರತಕ್ಕೆ ಕಳುಹಿಸುವ ಮೊದಲು ಪಾಪ ಯಾರೋ ಪಟ್ಟುಹಿಡಿದು ಕನ್ನಡ ಕಲಿಸಿದ್ದರು. ಮಂಗಳೂರಿಗೆ ಬಂದು ನೋಡಿದರೆ ಮನೆಯಲ್ಲಿ ಕೊಂಕಣಿ, ಬೀದಿಯಲ್ಲಿ ತುಳು, ಬಂದರಿನ ಅಂಗಡಿಗಳಲ್ಲಿ ಬ್ಯಾರಿ. ಮೊದಲ ವಾರ ಅವಳು ಅಳುವುದೊಂದು ಬಾಕಿ. ಕಾನ್ವೆಂಟಿನಲ್ಲಿ ಕಲಿತ ನನ್ನ ಇಂಗ್ಲಿಷ್ ಆಗ ಮನೆಗೆ ಉಪಯೋಗಕ್ಕೆ ಬಂತು. ಅಮ್ಮನಿಗೆ ಇಂಗ್ಲಿಷ್ ಗೊತ್ತಿತ್ತು, ಆದರೆ ಅದು ಔಷಧಿ, ಇಂಜೆಕ್ಷನ್, ಬೆಡ್‌ಪ್ಯಾನುಗಳ ಇಂಗ್ಲಿಷ್. ಸಂಜೆಯ ಹೊತ್ತು ಅವಳು ಮನೆಯಲ್ಲಿ ಇರುತ್ತಲೂ ಇರಲಿಲ್ಲ. ಹಾಗಾಗಿ ಅಜ್ಜಿಗೂ ಆ ಹುಡುಗಿಗೂ ನಡುವೆ ಕೂತು ಆ ಕಡೆಯ ಮಾತು ಈ ಕಡೆಗೆ, ಈ ಕಡೆಯದು ಆ ಕಡೆಗೆ ದಾಟಿಸುವ ಕೆಲಸ ನನ್ನದಾಯಿತು.

ಮನೆಯಲ್ಲಿ ಇನ್ನೊಬ್ಬಳಿದ್ದಳು, ನನ್ನ ಸೋದರತ್ತೆ, ಅಜ್ಜಿಯ ಕೊನೆಯ ಮಗಳು. ಅವಳ ಗಂಡ ಬೊಂಬಾಯಿಯಲ್ಲಿ ಟೈಫಾಯಿಡ್ ಬಂದು ತೀರಿಹೋಗಿ ಕೆಲವು ವರ್ಷಗಳಾಗಿದ್ದವು. ಮಗಳು, ಮಗ ಹೀಗೆ ಇಬ್ಬರು ಮಕ್ಕಳನ್ನು ಕರೆದುಕೊಂಡು ತವರಿಗೆ ಬಂದವಳು ಒಂದು ಪ್ರಾಥಮಿಕ ಶಾಲೆಯಲ್ಲಿ ಟೀಚರ್ ಆಗಿದ್ದಳು. ವಯಸ್ಸು ಮೂವತ್ತು ದಾಟಿದ್ದಷ್ಟೆ. ಬೂದು ಸೀರೆ, ಬಿಗಿಯಾಗಿ ಕಟ್ಟಿದ ಕೂದಲು. ಸಂಜೆ ಜಗಲಿಯ ಮೂಲೆಯಲ್ಲಿ ಕೂತು ಮಕ್ಕಳ ಅಂಗಿಗೆ ಗುಂಡಿ ಹಚ್ಚುವುದೋ ಶಾಲೆಯ ಪುಸ್ತಕ ತಿದ್ದುವುದೋ ಮಾಡುತ್ತಿದ್ದಳು. ಮಾತು ಕಡಿಮೆ.

ಅಜ್ಜಿಯೂ ವಿಧವೆಯೇ. ಹಿಂದಿನ ಶತಮಾನದ ಕೊನೆಗೆ ಹುಟ್ಟಿದವಳು. ಅಜ್ಜ ಸತ್ತಾಗ ಅವಳು ಅತ್ತೆಗಿಂತ ಚಿಕ್ಕವಳಂತೆ. ಮೂರು ಮಕ್ಕಳನ್ನು ಹೊಲಿಗೆ ಹಾಕಿ ಸಾಕಿದಳು. ಕಪ್ಪು ಸೀರೆ ಬಿಟ್ಟು ಬೇರೆ ಉಟ್ಟದ್ದನ್ನು ನಾನು ನೋಡಿಲ್ಲ. ತಾನು ಬದುಕಿದ ಹಾಗೆಯೇ ಮಗಳೂ ಬದುಕುತ್ತಾಳೆ ಎನ್ನುವುದರಲ್ಲಿ ಅವಳಿಗೆ ಅನುಮಾನವಿರಲಿಲ್ಲ. ಅಮೆರಿಕದ ಹುಡುಗಿ ಬರುವುದಕ್ಕೆ ಸ್ವಲ್ಪ ಮೊದಲು ಪಡೀಲಿನಿಂದ ಒಬ್ಬ ಹೆಂಗಸು ಬಂದು ತನ್ನ ತಮ್ಮನಿಗೆ ಅತ್ತೆಯನ್ನು ಕೇಳಿದ್ದಳು. ಆ ತಮ್ಮ ಬಂದರಿನ ಒಂದು ಗೋದಾಮಿನಲ್ಲಿ ಗುಮಾಸ್ತ, ಇನ್ನೂ ಮದುವೆಯಾಗದವನು. ಅಜ್ಜಿ ಅವಳಿಗೆ ಕಾಫಿ ಕೊಟ್ಟಳು. "ನಮ್ಮಲ್ಲಿ ಎರಡನೇ ಸಲ ಕೊಡುವ ಕ್ರಮ ಇಲ್ಲ" ಎಂದಳು. ಅವಳು ಕೊಡೆ ಬಿಡಿಸಿಕೊಂಡು ಹೋದಳು. ಅತ್ತೆ ಒಳಗೆ ಅಕ್ಕಿ ತೊಳೆಯುತ್ತಿದ್ದಳು. ಅವಳನ್ನು ಯಾರೂ ಕೇಳಲಿಲ್ಲ.

ಮಳೆಗಾಲ ಮುಗಿದು ಅಂಗಳ ಗಟ್ಟಿಯಾದ ಮೇಲೆ ಅಜ್ಜಿ ಸೆಗಣಿ ತರಿಸಿ ಸಾರಿಸುವುದು ವಾಡಿಕೆ. ಬಕೆಟ್ಟಿನಲ್ಲಿ ಸೆಗಣಿ ಕದಡುತ್ತಿದ್ದಾಗ ಆ ಹುಡುಗಿ ಕೋಣೆಯಿಂದ ಹೊರಗೆ ಬಂದಳು. ಮೂಗು ಮುಚ್ಚಿಕೊಳ್ಳುತ್ತಾಳೆಂದು ನಾನು ನೋಡುತ್ತಿದ್ದರೆ ಅವಳು ಪಕ್ಕದಲ್ಲೇ ಕುಕ್ಕರುಗಾಲಲ್ಲಿ ಕೂತು, ತನ್ನ ಮುತ್ತಜ್ಜಿ ಇದನ್ನು ಒಲೆಗೆ ಹಾಕಿ ರೊಟ್ಟಿ ಸುಡುತ್ತಿದ್ದಳು ಎಂದಳು.

ನಾನು ಅದನ್ನು ಹೇಳಿದಾಗ ಅಜ್ಜಿಯ ಕೈ ನಿಂತಿತು. "ಸುಳ್ಳು. ಅಮೆರಿಕದಲ್ಲಾ?"

"ಅಮೆರಿಕದಲ್ಲೇ ಅಂತೆ."

"ಸೌದೆಗೆ ಎಂತ ಬರಗಾಲ ಅವರಿಗೆ?"

ಮರವೇ ಇರಲಿಲ್ಲ, ಕಣ್ಣು ಹೋದಷ್ಟು ದೂರ ಬರೀ ಹುಲ್ಲು ಎಂದು ಅವಳು ಹೇಳಿದಳು. ಮರವೇ ಇಲ್ಲದ ಊರು ಎಂಬುದು ಅಜ್ಜಿಯ ತಲೆಗೆ ಹೋಗಲೇ ಇಲ್ಲ. ತೆಂಗು? ಇಲ್ಲ. ಹಲಸು? ಇಲ್ಲ. ಬೇಲಿಗೆ ಒಂದು ಗಿಡವಾದರೂ? ಇಲ್ಲ. "ಮತ್ತೆ ಮನೆಗೆ ಮರ ಎಲ್ಲಿಂದ ತಂದಳು?" ಎಂದು ಅಜ್ಜಿ ಕೇಳಿದಳು. ಮನೆ ಮರದ್ದಲ್ಲ, ನೆಲವನ್ನು ನೇಗಿಲಿನಿಂದ ಸೀಳಿ, ಹುಲ್ಲಿನ ಬೇರು ಹಿಡಿದುಕೊಂಡಿದ್ದ ಮಣ್ಣಿನ ಹೆಂಟೆಗಳನ್ನು ಇಟ್ಟಿಗೆಯ ಹಾಗೆ ಕೊಯ್ದು, ಒಂದರ ಮೇಲೊಂದು ಪೇರಿಸಿ ಕಟ್ಟಿದ ಮನೆ ಎಂದು ಅವಳು ಮಣ್ಣಿನಲ್ಲಿ ಬೆರಳಿನಿಂದ ಚಿತ್ರ ಬರೆದು ತೋರಿಸಿದಳು. ಅಜ್ಜಿ ಆ ಚಿತ್ರವನ್ನು ತುಂಬ ಹೊತ್ತು ನೋಡಿದಳು. ಆ ದಿನದಿಂದ ಆ ಮುತ್ತಜ್ಜಿಗೆ ನಮ್ಮ ಮನೆಯಲ್ಲಿ "ಹೆಂಟೆ ಮನೆಯವಳು" ಎಂದು ಹೆಸರಾಯಿತು. ಅವಳ ನಿಜವಾದ ಹೆಸರು ಅಜ್ಜಿಯ ನಾಲಗೆಗೆ ಹೊರಳುತ್ತಿರಲಿಲ್ಲ.

ಆ ಮೇಲೆ ಸಂಜೆಯಾಯಿತೆಂದರೆ ಅಜ್ಜಿ ಗೆರಸೆಯಲ್ಲಿ ಅಕ್ಕಿಯನ್ನೋ ಹುಣಿಸೆಯನ್ನೋ ಇಟ್ಟುಕೊಂಡು ಜಗಲಿಯಲ್ಲಿ ಕಾಯುತ್ತಿದ್ದಳು. ಆ ಹುಡುಗಿ ಬಂದು ಚಪ್ಪಲಿ ಬಿಡುವಷ್ಟರಲ್ಲಿ ನನಗೆ ಹೇಳುವಳು: "ಕೇಳು ಅವಳ ಹತ್ರ, ನಿನ್ನೆಯದ್ದು ಎಲ್ಲಿಗೆ ನಿಂತದ್ದು ಅಂತ."

ಹುಡುಗಿಗೆ ಈ ಕಥೆಗಳು ಬಂದದ್ದು ಅವಳ ಅಜ್ಜಿಯಿಂದ. ಹೆಂಟೆ ಮನೆಯವಳ ಮಗಳಾದ ಆ ಅಜ್ಜಿ ಆಗ ಅಮೆರಿಕದಲ್ಲಿ ಇನ್ನೂ ಬದುಕಿದ್ದಳು. ನಮ್ಮ ಅಜ್ಜಿಗಿಂತ ಹತ್ತು ಹನ್ನೆರಡು ವರ್ಷ ದೊಡ್ಡವಳು.

ಹೆಂಟೆ ಮನೆಯವಳು ಹುಟ್ಟಿದ್ದು ಪೂರ್ವ ಕರಾವಳಿಯ ಒಂದು ಪೇಟೆಯಲ್ಲಿ. ಅಪ್ಪ ಚಪ್ಪಲಿ ಹೊಲಿಯುವವನು, ಮನೆ ತುಂಬ ಮಕ್ಕಳು. ಚಿಕ್ಕ ಹುಡುಗಿಯಾಗಿದ್ದಾಗಲೇ ಅವಳನ್ನು ಬಟ್ಟೆ ಗಿರಣಿಗೆ ಕಳಿಸಿದರು. "ನಮ್ಮ ಹಂಚಿನ ಕಾರ್ಖಾನೆಗೆ ಹೋಗುವ ಹುಡುಗಿಯರ ಹಾಗೆ" ಎಂದು ಅಜ್ಜಿ ತಾನೇ ಸೇರಿಸಿದಳು. ಹತ್ತೊಂಬತ್ತರ ಹೊತ್ತಿಗೆ ಅವಳಿಗೆ ಮದುವೆಯಾಯಿತು. ಗಂಡ ಅವಳಿಗಿಂತ ತುಂಬ ದೊಡ್ಡವನು, ಯುದ್ಧಕ್ಕೆ ಹೋಗಿ ಕಾಲು ಊನ ಮಾಡಿಕೊಂಡು ಬಂದವನು. ಪಶ್ಚಿಮಕ್ಕೆ ಹೋಗಿ ನೆಲ ಉತ್ತು ಕೆಲವು ವರ್ಷ ಅಲ್ಲೇ ಬಾಳಿದರೆ ಆ ನೆಲ ಸರಕಾರದಿಂದ ನಮ್ಮದಾಗುತ್ತದೆ ಎಂದು ಅವನು ಕೇಳಿದ್ದ. ಗಾಡಿ ಕಟ್ಟಿಕೊಂಡು ಇಬ್ಬರೂ ಹೋದರು.

"ಅವಳಿಗೆ ಹೋಗ್ಲಿಕ್ಕೆ ಮನಸ್ಸಿತ್ತಾ?" ಅಜ್ಜಿ ಕೇಳಿದಳು.

ಹುಡುಗಿ ನಕ್ಕಳು. "ಅದನ್ನು ನಮ್ಮ ಮನೆಯಲ್ಲಿ ಯಾರೂ ಕೇಳಿಲ್ಲ."

"ಹಾಗಾದ್ರೆ ಇರಲಿಲ್ಲ" ಎಂದು ಅಜ್ಜಿ ಅಕ್ಕಿಯಿಂದ ಒಂದು ಕಲ್ಲು ತೆಗೆದು ಅಂಗಳಕ್ಕೆ ಎಸೆದಳು.

ಹೆಂಟೆ ಮನೆಯ ಮಾಡಿನಿಂದ ಮಳೆ ಬಂದಾಗ ಕೆಸರು ಸುರಿಯುತ್ತಿತ್ತು. ಒಂದು ಕೈಯಲ್ಲಿ ಕೊಡೆ ಹಿಡಿದು ಇನ್ನೊಂದರಲ್ಲಿ ಸೌಟು ಆಡಿಸುತ್ತಿದ್ದಳಂತೆ. ಹಾವು ಮಾಡಿನಿಂದ ಮಂಚಕ್ಕೆ ಬೀಳುತ್ತಿತ್ತು. ಇದರಲ್ಲೆಲ್ಲ ಅಜ್ಜಿಗೆ ಹೊಸದೇನೂ ಕಾಣಲಿಲ್ಲ. ಅವಳೂ ಹುಲ್ಲು ಹೊದಿಸಿದ ಮನೆಯಲ್ಲೇ ಹುಟ್ಟಿದವಳು. ಆದರೆ ಮಿಡತೆಯ ಕಥೆಗೆ ಅವಳು ಗೆರಸೆ ಬದಿಗಿಟ್ಟಳು. ಹೋದ ಹೊಸತರಲ್ಲೇ ಒಂದು ಬೇಸಿಗೆ ಆಕಾಶ ಕಪ್ಪಾಗುವಷ್ಟು ಮಿಡತೆ ಬಂತು. ಪೈರು ಹೋಯಿತು. ತರಕಾರಿ ಪಾತಿಯ ಮೇಲೆ ಅವಳು ಓಡಿಹೋಗಿ ಕಂಬಳಿ ಹೊದಿಸಿದರೆ ಮೊದಲು ಕಂಬಳಿಯನ್ನು ತಿಂದು ಆ ಮೇಲೆ ತರಕಾರಿಯನ್ನು ತಿಂದವು. ಹಗ್ಗದಲ್ಲಿ ಒಣಗಲು ಹಾಕಿದ್ದ ಬಟ್ಟೆಯಲ್ಲಿ ಹೊಲಿಗೆಯ ಅಂಚು ಮಾತ್ರ ಉಳಿಯಿತು. ಗಂಡ ಹೊಲದ ನಡುವೆ ಕೂತು ಅತ್ತನಂತೆ. ಅವಳು ಅಳದೆ ಕೋಳಿಗಳನ್ನು ಬಿಚ್ಚಿ ಬಿಟ್ಟಳು. ಕೋಳಿಗಳು ಮಿಡತೆ ತಿಂದು ಕೊಬ್ಬಿದವು. ಆ ಚಳಿಗಾಲ ಅವರು ಬದುಕಿದ್ದು ಆ ಕೋಳಿಗಳಿಂದ.

"ಬುದ್ಧಿವಂತೆ" ಎಂದಳು ಅಜ್ಜಿ. ಅಜ್ಜಿಯ ಬಾಯಿಂದ ಆ ಮಾತು ಸುಲಭವಾಗಿ ಬರುವಂಥದ್ದಲ್ಲ. ಮರುದಿನ ಮೀನು ಮಾರಲು ಬಂದ ಹೆಂಗಸಿಗೆ ಮಿಡತೆಯ ಕಥೆಯನ್ನು ತುಳುವಿನಲ್ಲಿ ಹೇಳಿ ಬೂತಾಯಿ ಕೊಂಡಳು.

ನನಗೆ ಅತ್ಯಂತ ಕಷ್ಟವಾದದ್ದು ಹಿಮ. ಕೊಂಕಣಿಯಲ್ಲಿ ಅದಕ್ಕೆ ಏನನ್ನಬೇಕೋ ತಿಳಿಯದೆ, ಬಂದರಿನಲ್ಲಿ ಮೀನಿನ ಪೆಟ್ಟಿಗೆಗೆ ಹಾಕುವ ಐಸಿನ ಪುಡಿ ಆಕಾಶದಿಂದ ಸುರಿದ ಹಾಗೆ ಎಂದೆ. "ಹಾಗಾದ್ರೆ ಅಲ್ಲಿ ಮೀನು ಹಾಳಾಗ್ಲಿಕ್ಕೇ ಇಲ್ಲ" ಎಂದು ಅಜ್ಜಿ ಮೆಚ್ಚಿಕೊಂಡಳು. ಆದರೆ ಗಂಡ ದುಡಿಯಲು ರೈಲುದಾರಿಯ ಕೆಲಸಕ್ಕೆ ಹೋಗಿ, ಚಳಿಗಾಲಪೂರ್ತಿ ಅವಳು ಮಕ್ಕಳೊಂದಿಗೆ ಒಬ್ಬಳೇ ಇದ್ದದ್ದು, ಹಿಮಗಾಳಿಯಲ್ಲಿ ದಾರಿ ತಪ್ಪಬಾರದೆಂದು ಮನೆಯ ಬಾಗಿಲಿನಿಂದ ಹಟ್ಟಿಯವರೆಗೆ ಹಗ್ಗ ಕಟ್ಟಿ ಅದನ್ನು ಹಿಡಿದುಕೊಂಡು ಹಾಲು ಕರೆಯಲು ಹೋಗುತ್ತಿದ್ದದ್ದು ತಿಳಿದ ಮೇಲೆ ಮೆಚ್ಚುಗೆ ನಿಂತಿತು. "ಹಟ್ಟಿ ಎಷ್ಟು ದೂರ?" ಎಂದು ಕೇಳಿದಳು. ಹುಡುಗಿ ನಮ್ಮ ಬಾವಿಯನ್ನು ತೋರಿಸಿದಳು. ಅಜ್ಜಿ ಬಾವಿಯನ್ನೇ ನೋಡುತ್ತಾ ಕೂತಳು.

ಅಂಥದೇ ಒಂದು ಚಳಿಗಾಲದಲ್ಲಿ ಮಕ್ಕಳಿಗೆ ಗಂಟಲು ಕಟ್ಟುವ ಕಾಯಿಲೆ ಬಂತು. ಒಂದೇ ವಾರದಲ್ಲಿ ಎರಡು ಮಕ್ಕಳು ಹೋದವು, ಒಬ್ಬ ಹುಡುಗ, ಒಬ್ಬಳು ಹುಡುಗಿ. ನೆಲ ಕಲ್ಲಿನ ಹಾಗೆ ಹೆಪ್ಪುಗಟ್ಟಿದ್ದರಿಂದ ಗುಂಡಿ ತೋಡಲು ಆಗಲಿಲ್ಲ. ಅವಳು ಇಬ್ಬರನ್ನೂ ತೊಳೆದು, ಒಳ್ಳೆಯ ಬಟ್ಟೆ ಹಾಕಿ, ಹಾಸಿಗೆಯ ಹೊದಿಕೆಯಲ್ಲಿ ಸುತ್ತಿ ಹಟ್ಟಿಯ ಅಟ್ಟದ ಮೇಲೆ ಮಲಗಿಸಿದಳು. ವಸಂತ ಬಂದು ನೆಲ ಕರಗುವವರೆಗೆ ದಿನವೂ ಹಗ್ಗ ಹಿಡಿದುಕೊಂಡು ಹೋಗಿ ಅವರ ಕೆಳಗೆ ಕೂತು ಹಾಲು ಕರೆದಳು.

ಇದನ್ನು ನಾನು ಹೇಗೆ ಕೊಂಕಣಿಗೆ ತಂದೆನೋ ನೆನಪಿಲ್ಲ. ಅತ್ತೆ ಹೊಲಿಗೆಯನ್ನು ಅಲ್ಲೇ ಬಿಟ್ಟು ಒಳಗೆ ಹೋದಳು. ಅವಳ ಮಕ್ಕಳು ಹಿತ್ತಿಲಲ್ಲಿ ಲಗೋರಿ ಆಡುತ್ತಿದ್ದವು. "ಬನ್ನಿ ಒಳಗೆ, ಕಾಲು ತೊಳೀರಿ" ಎಂದು ಹೊತ್ತಿಗೆ ಮೊದಲೇ ಕರೆದದ್ದು ಕೇಳಿಸಿತು. ಅಜ್ಜಿ ಶಿಲುಬೆಯ ಗುರುತು ಹಾಕಿಕೊಂಡು ಆ ಹುಡುಗಿಯ ಮೊಣಕಾಲನ್ನು ಒಮ್ಮೆ ಮುಟ್ಟಿದಳು. ಆ ಸಂಜೆ ಜಪಸರದ ಕೊನೆಗೆ, ನಮ್ಮ ಸತ್ತವರಿಗೆಲ್ಲ ಪ್ರಾರ್ಥಿಸಿದ ಮೇಲೆ, "ಆ ಎರಡು ಮಕ್ಕಳಿಗೆ" ಎಂದು ಸೇರಿಸಿದಳು. ಮುಂದೆ ಅದು ನಮ್ಮ ಮನೆಯ ಪ್ರಾರ್ಥನೆಯಲ್ಲಿ ಉಳಿದೇ ಹೋಯಿತು.

ಇಷ್ಟರವರೆಗೆ ಅಜ್ಜಿಯ ಪಾಲಿಗೆ ಹೆಂಟೆ ಮನೆಯವಳು ಒಬ್ಬ ಸಂತಳೇ ಆಗಿಬಿಟ್ಟಿದ್ದಳು. ಕಥೆ ಕೆಟ್ಟದ್ದು ಅದರ ನಂತರ. ರೈಲುದಾರಿಯ ಕೆಲಸದಿಂದ ಎದೆಯಲ್ಲಿ ಕಫ ಕಟ್ಟಿಕೊಂಡು ಬಂದ ಗಂಡ ತಿಂಗಳೊಳಗೆ ಸತ್ತ. ಅವಳಿಗೆ ಆಗ ಮೂವತ್ತರ ಆಸುಪಾಸು, ಉಳಿದ ಮಕ್ಕಳು ನಾಲ್ಕು. ಎಲ್ಲಕ್ಕಿಂತ ಚಿಕ್ಕದು ಈ ಹುಡುಗಿಯ ಅಜ್ಜಿ, ಆಗ ಇನ್ನೂ ಸರಿಯಾಗಿ ಮಾತು ಬಾರದ ಮಗು. ನಮ್ಮ ಅಜ್ಜಿ ಮುಂದಕ್ಕೆ ಬಾಗಿ ಕೂತಿದ್ದಳು. ಇನ್ನು ಬರುವುದು ತನ್ನದೇ ಕಥೆ ಎಂದು ಅವಳಿಗೆ ಅನಿಸಿರಬೇಕು.

"ಮತ್ತೆ?"

"ಮತ್ತೆ ಒಂದು ವರ್ಷದ ಒಳಗೆ ಅವಳು ನೆರೆಯ ಹೊಲದವನನ್ನು ಮದುವೆಯಾದಳು" ಎಂದೆ.

ಅಜ್ಜಿ ನನ್ನನ್ನು ದುರುಗುಟ್ಟಿ ನೋಡಿದಳು. "ಸರಿಯಾಗಿ ಕೇಳಿದ್ಯಾ? ಇನ್ನೊಮ್ಮೆ ಕೇಳು."

ಕೇಳಿದೆ. ಅದೇ ಉತ್ತರ. ಆ ನೆರೆಯವನು ಬೇರೆ ದೇಶದಿಂದ ಬಂದ ಒಂಟಿ ಮನುಷ್ಯ, ಅವಳ ಭಾಷೆಯೂ ಅವನಿಗೆ ನೆಟ್ಟಗೆ ಬರುತ್ತಿರಲಿಲ್ಲ ಎಂದು ಹುಡುಗಿ ಖುಷಿಯಿಂದ ಹೇಳುತ್ತಾ ಹೋದಳು. ಅವಳಿಗೆ ಅದು ಕಥೆಯ ಒಳ್ಳೆಯ ಭಾಗ. ಅಜ್ಜಿ ಗೆರಸೆ ಎತ್ತಿಕೊಂಡು ಒಳಗೆ ಹೋದಳು.

ಆ ಮೇಲೆ ಹಲವು ದಿನ ಕಥೆ ಇರಲಿಲ್ಲ. ಅಜ್ಜಿ ಸಂಜೆ ಹಿತ್ತಿಲ ಕಡೆಯೇ ಕೂರುತ್ತಿದ್ದಳು. ಹುಡುಗಿ ಗಾಬರಿಯಾಗಿ ನನ್ನನ್ನು ಕೇಳಿದಳು, ನಾನೇನಾದರೂ ತಪ್ಪು ಮಾತಾಡಿದೆನಾ ಎಂದು. ನನಗೆ ಗೊತ್ತಿದ್ದಷ್ಟು ಹೇಳಿದೆ: ಅಜ್ಜಿಗೆ ಎರಡನೇ ಮದುವೆ ಸೇರುವುದಿಲ್ಲ, ಅತ್ತೆಯನ್ನು ಕೇಳಿ ಬಂದವರನ್ನೂ ಹಾಗೇ ಕಳಿಸಿದಳು ಎಂದು. ಹುಡುಗಿ ಅತ್ತೆ ಇದ್ದ ಕಡೆ ನೋಡಿದಳು.

ಅಜ್ಜಿ ಮೊದಲು ಮಾತಾಡಿದ್ದು ಬಾವಿಕಟ್ಟೆಯಲ್ಲಿ, ಹುಡುಗಿ ನೀರು ಸೇದುತ್ತಿದ್ದಾಗ. ಈ ಸಲ ನನಗಾಗಿ ಕಾಯಲಿಲ್ಲ. ಮೀನು ಪೇಟೆಯಲ್ಲಿ ಕಲಿತ ತನ್ನ ಹರಕು ಕನ್ನಡದಲ್ಲೇ ಕೇಳಿದಳು.

"ಅವ ಮಕ್ಕಳಿಗೆ ಹೊಡೀತಿದ್ನಾ?"

ಹುಡುಗಿಗೆ ಅರ್ಥವಾಯಿತು. "ಇಲ್ಲ. ಎಂದಿಗೂ ಇಲ್ಲ."

"ಅನ್ನ ಹಾಕಿದ್ನಾ ಸರಿ?"

"ಹಾಕಿದನು. ಮನೆ ಕಟ್ಟಿದನು, ಮರದ ಮನೆ. ಕಿಟಕಿಗೆ ಗಾಜು ಹಾಕಿದನು. ನನ್ನ ಅಜ್ಜಿಗೆ ಪಿಟೀಲು ಕಲಿಸಿದನು."

"ಸತ್ತ ಮಕ್ಕಳ ಗುಂಡಿ?"

ಅದಕ್ಕೆ ಹುಡುಗಿಗೆ ಕನ್ನಡ ಸಾಲಲಿಲ್ಲ. ನನ್ನನ್ನು ಕರೆದಳು. ವಸಂತದಲ್ಲಿ ಆ ಗುಂಡಿ ತೋಡಿದ್ದೇ ಅವನು ಎಂದಳು. ಗಂಡ ಊರಲ್ಲಿ ಇರಲಿಲ್ಲ. ಈ ನೆರೆಯವನು ಯಾರೂ ಕರೆಯದೆ ಗುದ್ದಲಿ ಹಿಡಿದುಕೊಂಡು ಬಂದು, ಕೆಲಸ ಮುಗಿಸಿ, ಟೋಪಿ ತೆಗೆದು ನಿಂತು, ಒಂದು ಲೋಟ ನೀರೂ ಕುಡಿಯದೆ ಹೋದನಂತೆ.

ಅಜ್ಜಿ ಬಾವಿಕಟ್ಟೆಯ ಮೇಲೆ ಕೂತುಬಿಟ್ಟಳು. ನಮ್ಮಿಬ್ಬರಲ್ಲಿ ಯಾರಿಗೆಂದಿಲ್ಲದೆ ಕೊಂಕಣಿಯಲ್ಲಿ ಹೇಳಿದಳು: "ನನ್ನನ್ನೂ ಕೇಳಿದ್ರು ಒಬ್ರು. ಮಚುವೆ ದೋಣಿ ಇದ್ದವರು, ಬಂದರಿನವರು. ನನ್ನ ಅಣ್ಣಂದಿರು ಅವರನ್ನು ಗೇಟಿನ ಒಳಗೆ ಬಿಡ್ಲಿಲ್ಲ. ನಾನೂ ಬೇಡ ಅಂತಲೇ ಹೇಳಿದ್ದು." ಮತ್ತೆ ಕೊಡ ಎತ್ತಿ ಸೊಂಟಕ್ಕಿಟ್ಟುಕೊಂಡಳು. "ಇದನ್ನೆಲ್ಲ ಅವಳಿಗೆ ಹೇಳ್ಬೇಡ" ಎಂದು ನನಗೆ ಎಚ್ಚರಿಸಿದಳು. ಅಷ್ಟು ಕೊಂಕಣಿ ಹುಡುಗಿಗೆ ಅರ್ಥವಾಗಿಹೋಗಿತ್ತು ಎಂದು ನನಗೆ ಅವಳ ಮುಖ ನೋಡಿದಾಗಲೇ ತಿಳಿಯಿತು.

ನವೆಂಬರ್ ಬಂತು. ಅದು ನಮ್ಮಲ್ಲಿ ಸತ್ತವರ ತಿಂಗಳು. ಇಗರ್ಜಿಯಲ್ಲಿ ಪ್ರತಿ ಮನೆಯವರೂ ತಮ್ಮ ಸತ್ತವರ ಹೆಸರು ಕೊಡುತ್ತಾರೆ, ಪೂಜೆಯಲ್ಲಿ ಅವರಿಗಾಗಿ ಪ್ರಾರ್ಥಿಸುತ್ತಾರೆ. ಅಜ್ಜಿ ನನ್ನನ್ನು ಕರೆದುಕೊಂಡು ಪಾದ್ರಿಯವರ ಬಳಿ ಹೋದಳು. ನಮ್ಮವರ ಹೆಸರುಗಳ ಕೊನೆಗೆ, ಆ ಅಮೆರಿಕದ ಹೆಂಗಸಿನ ಹೆಸರನ್ನು ನನ್ನ ಬಾಯಿಂದ ಹೇಳಿಸಿದಳು.

ಪಾದ್ರಿಯವರು ಕನ್ನಡಕದ ಮೇಲಿನಿಂದ ನೋಡಿದರು. "ಇವರು ಯಾರು?"

"ನಮ್ಮ ಮನೆಯಲ್ಲಿರುವ ಹುಡುಗಿಯ ಮುತ್ತಜ್ಜಿ."

"ಕಥೋಲಿಕರಾ?"

ಅಜ್ಜಿ ಸುಳ್ಳು ಹೇಳುವವಳಲ್ಲ. "ಅಲ್ಲ ಫಾದರ್. ಬೇರೆ ಸಭೆಯವಳು. ಆದ್ರೆ ಅವಳಿದ್ದಲ್ಲಿ ಇಗರ್ಜಿಯೇ ಇರಲಿಲ್ಲ, ಯಾರದ್ದೂ ಇರಲಿಲ್ಲ. ಮಕ್ಕಳನ್ನು ಮಣ್ಣು ಮಾಡುವಾಗ ಪ್ರಾರ್ಥನೆ ಹೇಳ್ಲಿಕ್ಕೆ ಒಬ್ಬ ಪಾದ್ರಿ ಕೂಡ ಸಿಕ್ಕಿದ್ದಿಲ್ಲ ಅವಳಿಗೆ. ಪ್ರಾರ್ಥನೆಯನ್ನೂ ಅವಳೇ ಹೇಳಿದ್ದು."

ಪಾದ್ರಿಯವರು ಗದ್ದ ಉಜ್ಜಿಕೊಂಡರು. ನಿಯಮ ಏನೆಂದು ಅವರಿಗೆ ಗೊತ್ತಿತ್ತು, ಅಜ್ಜಿಗೂ ಗೊತ್ತಿತ್ತು. "ಹೆಸರು ಇನ್ನೊಮ್ಮೆ ನಿಧಾನಕ್ಕೆ ಹೇಳು ಮಗಾ" ಎಂದು ನನಗೆ ಹೇಳಿದರು.

ಪೂಜೆಯ ದಿನ ಆ ಹುಡುಗಿಯೂ ನಮ್ಮ ಜೊತೆ ಬಂದು ತಲೆಗೆ ಅಮ್ಮನ ವೇಲ್ ಹಾಕಿಕೊಂಡು ಕೂತಿದ್ದಳು. ನಮ್ಮ ಊರಿನ ಹೆಸರುಗಳ ನಡುವೆ ಆ ಹೆಸರು ಅರ್ಧಂಬರ್ಧ ಮುರಿದು ಕೇಳಿದಾಗ ಅವಳಿಗೆ ಮೊದಲು ಗೊತ್ತಾಗಲಿಲ್ಲ. ಗೊತ್ತಾದ ಕೂಡಲೇ ಮುಖ ಮುಚ್ಚಿಕೊಂಡಳು. ಅಜ್ಜಿ ಮುಂದಿನ ಬೆಂಚಿನಿಂದ ತಿರುಗಿಯೂ ನೋಡಲಿಲ್ಲ.

ಕ್ರಿಸ್ಮಸ್ಸಿಗೆ ಮನೆಯಲ್ಲಿ ಕುಸ್ವಾರಿನ ತಿಂಡಿ ಮಾಡುವ ಗಲಾಟೆ. ಅಮ್ಮ, ಅತ್ತೆ, ಹುಡುಗಿ ಎಲ್ಲರೂ ಅಡುಗೆಮನೆಯ ನೆಲದಲ್ಲಿ ಕೂತು ಹಿಟ್ಟು ಲಟ್ಟಿಸುತ್ತಿದ್ದರು. ಬಾಣಲೆಯ ಮುಂದೆ ಕೂತಿದ್ದ ಅಜ್ಜಿ ಎಣ್ಣೆಯಿಂದ ಕಣ್ಣು ತೆಗೆಯದೆಯೇ ಹೇಳಿದಳು: "ಆ ಪಡೀಲಿನವಳನ್ನು ಮೊನ್ನೆ ಇಗರ್ಜಿಯಲ್ಲಿ ನೋಡಿದೆ. ಹಬ್ಬ ಕಳೆದ ಮೇಲೆ ತಮ್ಮನನ್ನು ಕರ್ಕೊಂಡು ಬರ್ಲಿಕ್ಕೆ ಹೇಳಿದ್ದೇನೆ. ಚಾ ಕುಡ್ದು ಹೋಗ್ಲಿ."

ಲಟ್ಟಣಿಗೆಗಳೆಲ್ಲ ನಿಂತವು. ಅಮ್ಮ ಅತ್ತೆಯನ್ನು ನೋಡಿದಳು. ಅತ್ತೆ ಕೆಂಪಾದಳು, ನಾಚಿಕೆಯಿಂದಲ್ಲ.

"ನನ್ನ ಹತ್ರ ಕೇಳಿದ್ಯಾ?"

"ಈಗ ಕೇಳ್ತಿದ್ದೇನಲ್ಲ."

"ಇದು ಕೇಳುವ ಕ್ರಮವಾ? ಅಂದು ಕಳಿಸುವಾಗಲೂ ಕೇಳ್ಲಿಲ್ಲ, ಇಂದು ಕರೆಸುವಾಗಲೂ ಕೇಳ್ಲಿಲ್ಲ." ಅತ್ತೆ ಅಷ್ಟು ಮಾತಾಡಿದ್ದು ನಾನು ಕೇಳಿದ್ದು ಅದೇ ಮೊದಲು. "ನಾನು ನಿನ್ನ ಹೆಂಟೆ ಮನೆಯವಳಲ್ಲ. ಅವಳಿಗೆ ಮಾಡು ಸೋರ್ತಿತ್ತು, ಅದಕ್ಕೆ ಮದುವೆಯಾದ್ಳು. ನನಗೆ ಸಂಬಳ ಉಂಟು."

"ಮಾಡಿಗೋಸ್ಕರ ಅಂತ ನಿನಗೆ ಯಾರು ಹೇಳಿದ್ದು?" ಅಜ್ಜಿ ನನ್ನ ಕಡೆ ತಿರುಗಿದಳು. "ಕೇಳು ಅವಳ ಹತ್ರ, ಎಂತಕ್ಕೆ ಮದುವೆಯಾದದ್ದು ಅಂತ."

ನಾನು ಕೇಳಿದೆ. ಹುಡುಗಿಯ ಕೈಯೆಲ್ಲ ಮೈದಾ. ಅವಳು ಒಬ್ಬೊಬ್ಬರ ಮುಖವನ್ನೂ ನೋಡಿದಳು. ಇದು ಬರೀ ಕಥೆಯ ಪ್ರಶ್ನೆಯಲ್ಲ ಎಂದು ಅವಳಿಗೆ ಗೊತ್ತಾಗಿತ್ತು. ತನ್ನ ಅಜ್ಜಿ ದೊಡ್ಡವಳಾದ ಮೇಲೆ ಇದೇ ಪ್ರಶ್ನೆಯನ್ನು ಒಮ್ಮೆ ತಾಯಿಯನ್ನು ಕೇಳಿದ್ದಳಂತೆ. ಹೆಂಟೆ ಮನೆಯವಳು ಕೊಟ್ಟ ಉತ್ತರ ಇಷ್ಟೆ: ಅವನು ಬರುವುದು ಕಂಡರೆ ನೀವೆಲ್ಲ ಬಾಗಿಲಿಗೆ ಓಡುತ್ತಿದ್ದಿರಿ. ನನಗೂ ಓಡಬೇಕು ಅನಿಸುತ್ತಿತ್ತು.

ಅದನ್ನು ಕೊಂಕಣಿಯಲ್ಲಿ ಹೇಳುವಾಗ ನನಗೇ ನಾಚಿಕೆಯಾಯಿತು. ಬಾಣಲೆಯಲ್ಲಿದ್ದ ತಿಂಡಿ ಕಪ್ಪಾಯಿತು. ಕುಸ್ವಾರಿಗೆ ಕೂತಾಗ ಅಜ್ಜಿಯ ಕೈಯಿಂದ ಹಾಗಾದದ್ದು ಅದೊಂದೇ ಸಲ.

ಹಬ್ಬ ಕಳೆದು ಅವನು ಬಂದ. ಇಸ್ತ್ರಿ ಮಾಡಿದ ಬಿಳಿ ಅಂಗಿ, ಕೈಯಲ್ಲಿ ಒಂದು ಗೊನೆ ಬಾಳೆಹಣ್ಣು. ಅತ್ತೆಯ ಮಕ್ಕಳು ಬಾಗಿಲಿಗೆ ಓಡಲಿಲ್ಲ. ಇಬ್ಬರೂ ನನ್ನ ಮಂಚದ ಅಡಿಯಲ್ಲಿ ಅಡಗಿ ಕೂತರು. ಅವನ ಅಕ್ಕ ಮಾತಾಡಿದಳು, ಅಮ್ಮ ಮಾತಾಡಿದಳು, ಅಜ್ಜಿ ಗೋದಾಮಿನ ಬಗ್ಗೆ ಕೇಳಿದಳು. ಅವನು ಪ್ರತಿಯೊಂದಕ್ಕೂ ತಲೆ ಆಡಿಸಿ ಚಹಾ ಕುಡಿದ. ಹೊರಡುವಾಗ ಅತ್ತೆ ಜಗಲಿಗೆ ಬಂದು ನೇರವಾಗಿ ಹೇಳಿದಳು: "ನಾನು ಶಾಲೆ ಬಿಡುವುದಿಲ್ಲ. ಮಕ್ಕಳ ಶಾಲೆಯೂ ಇಲ್ಲಿಯೇ. ಪಡೀಲಿನಿಂದ ದಿನವೂ ಬಸ್ಸಿನಲ್ಲಿ ಬರ್ತೇವೆ. ಆಗ್ತದಾ?"

ಅವನು ಸ್ವಲ್ಪ ಯೋಚಿಸಿದ. "ಬಸ್ಸು ರಶ್ಶು ಉಂಟು" ಎಂದ. ಮತ್ತೆ, "ನಾನೂ ಅದರಲ್ಲೇ ಬರುವುದು. ಸೀಟು ಹಿಡೀತೇನೆ" ಎಂದ.

ಅವರು ಗೇಟು ದಾಟಿದ ಮೇಲೆ ಅತ್ತೆ ಕಂಬಕ್ಕೆ ಒರಗಿ ನಗತೊಡಗಿದಳು. ನಿಲ್ಲಿಸಲು ಆಗದೆ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. "ಎಂತ ಮಾರಾಯ್ತಿ, ಇಷ್ಟು ಮಾತಿಗೆ ಇಡೀ ದಿವಸ ಬೇಕಾಯ್ತು ಅವನಿಗೆ!" ಅಮ್ಮ ಕೂಡ ನಕ್ಕಳು. ಅಜ್ಜಿಗೆ ಗಾಬರಿ. "ಬೇಡವಾದ್ರೆ ಬೇಡ ಅಂತ ಹೇಳುವ" ಎಂದಳು. "ನಾನು ಬೇಡ ಹೇಳ್ಲಿಲ್ಲ" ಎಂದಳು ಅತ್ತೆ, ಕಣ್ಣೊರೆಸಿಕೊಳ್ಳುತ್ತಾ. "ದಿನವಿಡೀ ಮಕ್ಕಳ ಗಲಾಟೆ ಕೇಳಿ ಬರ್ತೇನೆ. ಮನೆಯಲ್ಲಿ ಒಬ್ಬ ಸುಮ್ಮನೆ ಇದ್ರೆ ಒಳ್ಳೇದೇ."

ಮದುವೆ ಬೆಳಗಿನ ಪೂಜೆಯಲ್ಲಿ, ಬ್ಯಾಂಡಿಲ್ಲದೆ, ಪಂದಲಿಲ್ಲದೆ ಆಯಿತು. ಕೆಲವು ನೆಂಟರು ಬರಲಿಲ್ಲ. ಅಜ್ಜಿ ಅವರ ಮನೆಗಳಿಗೂ ಮದುವೆಯ ತಿಂಡಿ ಕಳಿಸಿದಳು. ಅತ್ತೆ ತಿಳಿನೀಲಿ ಸೀರೆ ಉಟ್ಟಿದ್ದಳು. ಅಮೆರಿಕದ ಹುಡುಗಿ ತನ್ನ ಊರಿನ ಕ್ರಮವೆಂದು ಅಕ್ಕಿ ಎರಚಿದಾಗ ಅಜ್ಜಿ, "ಒಳ್ಳೆಯ ಅಕ್ಕಿ ಚೆಲ್ಲಬೇಡ" ಎಂದು ಗದರಿ ಆ ಮೇಲೆ ತಾನೂ ಒಂದು ಹಿಡಿ ಎರಚಿದಳು.

ಎಲ್ಲವೂ ಸಕ್ಕರೆಯಂತೆ ಸಾಗಿತು ಎಂದರೆ ಸುಳ್ಳಾಗುತ್ತದೆ. ಪಡೀಲು ಆಗ ಊರಿನಾಚೆಯ ಗುಡ್ಡ, ಸಂಜೆಯಾದರೆ ನರಿ ಕೂಗುವ ಜಾಗ. ಮಕ್ಕಳು ಮೊದಲ ತಿಂಗಳುಗಳಲ್ಲಿ ಶನಿವಾರ ಬಂತೆಂದರೆ ನಮ್ಮ ಮನೆಗೆ ಬಂದು ಹಿಂದೆ ಹೋಗಲು ಒಲ್ಲದೆ ಅಳುತ್ತಿದ್ದರು. ಅತ್ತೆಯ ಮಗಳು ಬೇಗ ಒಗ್ಗಿದಳು, ಮಗನಿಗೆ ಹೊಸಬನನ್ನು ಅಪ್ಪ ಎನ್ನಲು ಹಲವು ವರ್ಷ ಬೇಕಾಯಿತು. ಹಾಗೆ ಕರೆ ಎಂದು ಅತ್ತೆಯ ಗಂಡ ಒಮ್ಮೆಯೂ ಕೇಳಲಿಲ್ಲ. ಬಸ್ಸಿನಲ್ಲಿ ಅವರಿಗೆ ಸೀಟು ಹಿಡಿದ, ಮಳೆ ಬಂದರೆ ಶಾಲೆಯ ಗೇಟಿನಲ್ಲಿ ಕೊಡೆ ಹಿಡಿದು ನಿಂತ. ಅತ್ತೆ ಮುಂದೆ ಹೆಡ್‌ಮಿಸ್ಟ್ರೆಸ್ ಆದಳು. ದಪ್ಪಗಾದಳು, ಜೋರಾಗಿ ನಗುವುದನ್ನು ಕಲಿತಳು, ಗಂಡನ ಪರವಾಗಿಯೂ ಅವಳೇ ಮಾತಾಡಿದಳು.

ಎರಡು ವರ್ಷ ಕಳೆದು ಅಮೆರಿಕದ ಹುಡುಗಿ ತನ್ನ ಊರಿಗೆ ಹೋದಳು. ಅವಳು ಹೋಗುವಾಗ ಅಜ್ಜಿ ಸೆರಗಿನ ತುದಿಯಿಂದ ಅವಳ ಮೂಗು ಒರೆಸಿ, ತನ್ನ ಮೀನು ಪೇಟೆಯ ಕನ್ನಡದಲ್ಲಿ, "ನಿನ್ನ ಅಜ್ಜಿಗೆ ಹೇಳು, ಅವಳ ಅಮ್ಮ ಒಳ್ಳೆ ಕೆಲಸ ಮಾಡಿದ್ಳು ಅಂತ" ಎಂದಳು. ಯಾವ ಕೆಲಸ ಎಂದು ಹೇಳಲಿಲ್ಲ. ಆ ವರ್ಷವೇ ಅವಳ ಕಾಗದ ಬಂತು. ತನ್ನ ಅಜ್ಜಿಗೆ ಎಲ್ಲವನ್ನೂ ಹೇಳಿದ್ದಳಂತೆ. ಪ್ರೊಟೆಸ್ಟಂಟಳಾಗಿದ್ದ ತನ್ನ ತಾಯಿಗಾಗಿ ಕಥೋಲಿಕರ ಲ್ಯಾಟಿನ್ ಪೂಜೆ ನಡೆಯಿತೆಂದು ಕೇಳಿ ಮುದುಕಿ ಬಿದ್ದು ಬಿದ್ದು ನಕ್ಕಳಂತೆ, ಮತ್ತೆ ಪಡೀಲು ಎಂದರೆ ಹೇಗಿರುತ್ತದೆ, ಅಲ್ಲಿ ಗಾಳಿ ಬೀಸುತ್ತದೆಯೇ ಎಂದು ಕೇಳಿದಳಂತೆ.

ಅಜ್ಜಿ ಅರವತ್ತರ ದಶಕ ಮುಗಿಯುವ ಮೊದಲು ತೀರಿಕೊಂಡಳು. ಕೊನೆಯ ತಿಂಗಳುಗಳನ್ನು ಅವಳು ಕಳೆದದ್ದು ಪಡೀಲಿನಲ್ಲಿ, ತಾನೇ ಹಟ ಹಿಡಿದು. ಅಳಿಯ ಬೆಳಿಗ್ಗೆ ಬಂದರಿಗೆ ಹೊರಡುವ ಮೊದಲು ಅವಳನ್ನು ಎತ್ತಿ ತಂದು ಬಿಸಿಲಿಗೆ ಕೂರಿಸುತ್ತಿದ್ದ. ಗುಡ್ಡದ ಗಾಳಿ ಜಾಸ್ತಿ ಎಂದು ಅವಳು ಅವನನ್ನು ಬೈಯುತ್ತಿದ್ದಳು. ಅವನು ಹೋಗಿ ಶಾಲು ತರುತ್ತಿದ್ದ.

ನನಗೀಗ ಅಜ್ಜಿಯ ಆ ವಯಸ್ಸು ಹತ್ತಿರ ಬರುತ್ತಿದೆ. ಹೆಂಟೆ ಮನೆಯವಳನ್ನು ನೆನೆಸಿಕೊಂಡಾಗಲೆಲ್ಲ ನನಗೆ ಅವಳ ಮೇಲೆ ಹುಟ್ಟುವ ಗೌರವ ನನ್ನ ಸ್ವಂತ ರಕ್ತದವರ ಮೇಲೂ ಕೆಲವೊಮ್ಮೆ ಹುಟ್ಟುವುದಿಲ್ಲ. ಅವಳು ಎಷ್ಟು ಕೋಳಿ ಸಾಕಿದ್ದಳು, ಉಪ್ಪು ಎಲ್ಲಿಂದ ತರುತ್ತಿದ್ದಳು, ಹೆರಿಗೆಗೆ ಯಾರು ಬರುತ್ತಿದ್ದರು, ಹಸುವಿನ ಬಣ್ಣ ಯಾವುದು, ಇದನ್ನೆಲ್ಲ ಅಜ್ಜಿ ಕೇಳಿ ತಿಳಿದುಕೊಂಡಿದ್ದಳು, ನನಗೂ ಬಾಯಿಪಾಠ. ನೋಡಲು ಹೇಗಿದ್ದಳು ಎಂದು ಕೇಳಬೇಕೆಂದು ಮಾತ್ರ ನಮ್ಮ ಮನೆಯಲ್ಲಿ ಯಾರಿಗೂ ತೋಚಲಿಲ್ಲ.